ಗೀಸರಿಗೆ ಹಚ್ಚಿದ ಹಲಸಿನ ಮೇಣ

ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಮನೆಯ ಸೋಪು ನೊರೆ ಕೊಡುವುದನ್ನು ನಿಲ್ಲಿಸಿತು. ಹೊತ್ತು ಇಷ್ಟು ಸರಿಯಾಗಿ ನೆನಪಿರಲು ಕಾರಣ ಬಚ್ಚಲಿನ ಗೋಡೆಯಲ್ಲಿದ್ದ ಗಡಿಯಾರ. ನೀರು ದಿನ ಬಿಟ್ಟು ದಿನ ಬರತೊಡಗಿದ ಮೇಲೆ, ಒಬ್ಬೊಬ್ಬರು ಏಳು ನಿಮಿಷಕ್ಕಿಂತ ಹೆಚ್ಚು ಸ್ನಾನ ಮಾಡಬಾರದೆಂದು ಮಾಮಿ ಅದನ್ನು ಅಲ್ಲಿ ನೇತುಹಾಕಿದ್ದರು. ನಾನು ಸೋಪನ್ನು ಕೈಗೆ ತಿಕ್ಕಿದೆ, ಬೆನ್ನಿಗೆ ತಿಕ್ಕಿದೆ, ಕೊನೆಗೆ ಗೋಡೆಗೂ ತಿಕ್ಕಿ ನೋಡಿದೆ. ನೊರೆ ಬರಲಿಲ್ಲ. ಮೈಮೇಲೆ ಹುಳಿ ಮಜ್ಜಿಗೆಯಂಥ ಏನೋ ಒಂದು ಕೂತಿತು. ಅದನ್ನು ತೊಳೆಯಲು ಹೋಗಿ ಹನ್ನೊಂದು ನಿಮಿಷವಾಯಿತು. ಬಾಗಿಲು ತೆರೆದಾಗ ಮಾಮಿ ಹೊರಗೆ ನಿಂತಿದ್ದರು.

"ಎಂತ, ಒಳಗೆ ಮನೆ ಕಟ್ಟುತ್ತಿದ್ದೀಯಾ?"

"ಸೋಪು ಸರಿ ಇಲ್ಲ ಮಾಮಿ."

"ಸೋಪು ಸರಿ ಉಂಟು. ತಿಕ್ಕುವವಳು ಸರಿ ಇಲ್ಲ."

ಹತ್ತು ನಿಮಿಷದ ಮೇಲೆ ಅವರೂ ಮೈಗೆ ಮಜ್ಜಿಗೆ ಮೆತ್ತಿಕೊಂಡು ಹೊರಬಂದರು. ಸೋಪನ್ನು ಕಾಗದದಲ್ಲಿ ಸುತ್ತಿ ಅಂಗಡಿಗೆ ಹಿಂದೆ ಕೊಡಲು ಹೊರಟರು.

ಮಾಮಿ ಎಂದರೆ ನನ್ನ ಗಂಡನ ತಾಯಿ. ತುಳುವಿನಲ್ಲಿ ಅತ್ತೆಯನ್ನು ಕರೆಯುವುದು ಹಾಗೆ, ನಮ್ಮ ಮನೆಯ ಮಾತೂ ತುಳುವೇ. ಗಂಡ ಗಲ್ಫಿನಲ್ಲಿ ಒಂದು ಏಸಿ ರಿಪೇರಿ ಕಂಪೆನಿಯಲ್ಲಿದ್ದಾರೆ. ಜೆಪ್ಪುವಿನಲ್ಲಿ, ಹೊಳೆಗೆ ಹತ್ತಿರವಿರುವ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ನಾವಿಬ್ಬರೇ ಹೆಂಗಸರು. ಮಾಮಿ ಬಂಟ್ವಾಳದ ಆಚೆ ಗದ್ದೆ ಬೇಸಾಯದ ಮನೆಯಲ್ಲಿ ಬೆಳೆದವರು. ನಾನು ಬಿ.ಎಸ್ಸಿ. ಓದಿ, ಕದ್ರಿಯ ಬಳಿ ಒಂದು ವಿಮೆ ಕಚೇರಿಯಲ್ಲಿ ಕ್ಲೇಮ್ ಅರ್ಜಿಗಳನ್ನು ನೋಡುವವಳು. ಬಿ.ಎಸ್ಸಿ.ಯಲ್ಲಿ ನನ್ನ ಮುಖ್ಯ ವಿಷಯ ರಸಾಯನಶಾಸ್ತ್ರ. ಗಡಸು ನೀರು ಎಂದರೇನು, ಅದರಲ್ಲಿ ಸೋಪು ಯಾಕೆ ನೊರೆ ಕೊಡುವುದಿಲ್ಲ, ಅದನ್ನು ಕಾಯಿಸಿದರೆ ಪಾತ್ರೆಯ ತಳದಲ್ಲಿ ಏನು ಕೂರುತ್ತದೆ ಎಂಬುದನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದೇನೆ. ಆದರೂ ಆ ದಿನ, ಅದರ ಮರುದಿನ ಕೂಡ, ನಾನು ಬೈದದ್ದು ಸೋಪಿನ ಕಂಪೆನಿಯನ್ನೇ.

ಈ ನೊರೆಯ ವಿಷಯ ಇಪ್ಪತ್ತಮೂರನೆಯ ದಿನಕ್ಕೆ ಗೀಸರ್ ಗೋಡೆಯಿಂದ ಕಿತ್ತು ಹಾರುವಲ್ಲಿಗೆ ಮುಟ್ಟಿತು. ಹಾರಿದ ಹೊತ್ತಿಗೆ ಅದರ ಕೆಳಗೆ ಮಾಮಿ ಕೂತಿರಬೇಕಾಗಿತ್ತು. ಕೂತಿರಲಿಲ್ಲ, ಅಷ್ಟೆ. ತಪ್ಪು ತನ್ನದೆಂದು ಅವರು ನಂಬಿದರು. ಅಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಹನ್ನೊಂದು ದಿನ ಬೇಕಾಯಿತು. ಈಗಲೂ ಬಸ್ಸಿನಲ್ಲಿ ಕೂತಾಗ, ಅನ್ನಕ್ಕೆ ನೀರಿಟ್ಟಾಗ, ಸುಮ್ಮನೆ ಬಟ್ಟೆ ಮಡಚುವಾಗ ಆ ಬೆಳಗ್ಗೆ ಮೊದಲಿನಿಂದ ಓಡತೊಡಗುತ್ತದೆ. ಒಮ್ಮೆ ಪೂರ್ತಿ ಬರೆದಿಟ್ಟರೆ ನಿಂತೀತು ಎಂಬ ಆಸೆ.

ಸೋಪಿನ ಅಂಗಡಿಯವನು ನಿರಪರಾಧಿ ಎಂದು ಗೊತ್ತಾದದ್ದು ಮೂರನೆಯ ದಿನ, ಮೆಟ್ಟಿಲಿನಲ್ಲಿ. ನಮ್ಮ ಕೆಳಗಿನ ಮನೆಯವರು ಬ್ಯಾಂಕಿನಿಂದ ನಿವೃತ್ತರಾಗಿ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆಗಿದ್ದಾರೆ. ಮಾಮಿ ಅವರನ್ನು ಅಡ್ಡ ಹಾಕಿ ಕೇಳಿದರು.

"ನೀರಿಗೆ ಎಂತ ಹಾಕಿದ್ದೀರಿ ಮಾರಾಯ್ರೆ?"

"ಎಂತ ಹಾಕಲಿಲ್ಲ ಅಕ್ಕ. ಕಾರ್ಪೊರೇಶನ್ ನೀರು ಸಾಲುವುದಿಲ್ಲ ಅಂತ ಬೋರ್ ಚಾಲು ಮಾಡಿದ್ದು."

"ಹಿಂದಿನ ಬೇಸಿಗೆಯಲ್ಲಿಯೂ ಮಾಡಿದ್ರಲ್ಲ."

"ಆಗ ಅರ್ಧ ಅರ್ಧ. ಈ ಸಲ ಪೂರ್ತಿ ಬೋರೇ. ಒಳ್ಳೆ ಮಿನರಲ್ ಉಂಟು ಅದರಲ್ಲಿ. ಪೇಟೆಯಲ್ಲಿ ಜನ ದುಡ್ಡು ಕೊಟ್ಟು ಕುಡಿಯುತ್ತಾರೆ."

"ಹಾಗಾದ್ರೆ ನಿಮ್ಮ ಮಂಡೆ ಯಾಕೆ ಹಾಗಾಗಿದೆ?"

ಸೆಕ್ರೆಟರಿಯವರ ಉಳಿದ ಕೂದಲು ಪೊರಕೆಯ ಹಾಗೆ ಎದ್ದು ನಿಂತಿತ್ತು. ಅವರು ಅದನ್ನು ಅಂಗೈಯಿಂದ ಒತ್ತಿ, ಕೆಲಸವಿದೆ ಎಂದು ಇಳಿದು ಹೋದರು.

ಆಗ ನನ್ನ ಓದು ನೆನಪಾಯಿತು. ಮೇಲೆ ಬಂದು ಮಾಮಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂದೆಲ್ಲ ವಿವರಿಸಿದೆ. ಅವರು ಶ್ರದ್ಧೆಯಿಂದ ಕೇಳಿ, "ಗೊತ್ತಿದ್ದವಳು ಮೂರು ದಿನ ಎಂತ ಮಾಡ್ತಿದ್ದೆ?" ಎಂದರು.

ಆ ನೀರು ಮನೆಯನ್ನು ನಿಧಾನವಾಗಿ ವಶಕ್ಕೆ ತೆಗೆದುಕೊಂಡಿತು. ಕುಚ್ಚಲಕ್ಕಿ ಗಂಜಿ ಬೇಯಲು ಮೊದಲೇ ಹೊತ್ತು ಬೇಕು, ಈಗ ಅದನ್ನು ಒಲೆಯ ಮೇಲಿಟ್ಟು ಒಂದು ನಿದ್ದೆ ತೆಗೆಯಬಹುದಿತ್ತು. ತೊಗರಿಬೇಳೆ ಎಂಟು ಸೀಟಿಯ ನಂತರವೂ ಎಣಿಸಲು ಬರುವಷ್ಟು ಇಡಿಯಾಗಿ ಉಳಿಯುತ್ತಿತ್ತು. ಚಹಾದ ಮೇಲೆ ಎಣ್ಣೆಯಂಥ ತೆಳು ಪದರ ಬಂದು ಲೋಟದ ಅಂಚಿಗೆ ಅಂಟುತ್ತಿತ್ತು. ಸ್ಟೀಲ್ ಲೋಟಗಳು ಮಂಜು ಹಿಡಿದವು. ಒಗೆದು ಒಣಗಿಸಿದ ಟವಲನ್ನು ಮೂಲೆಯಲ್ಲಿ ನಿಲ್ಲಿಸಿದರೆ ಹಾಗೆಯೇ ನಿಲ್ಲುತ್ತಿತ್ತು. ನನ್ನ ಕೂದಲು ಬಾಚಣಿಗೆಯಲ್ಲಿ ಎಷ್ಟು ಬರುತ್ತಿತ್ತೆಂದರೆ ಮಾಮಿ ಅದನ್ನು ನೋಡಿ, ಇನ್ನೊಂದು ತಿಂಗಳಿಗೆ ಜಡೆಗೆ ಸೇರಿಸುವ ಒಂದು ಸವರ ಆಗುತ್ತದೆ, ಎಸೆಯಬೇಡ ಎಂದರು.

ನಲ್ಲಿಗಳ ಮೂತಿಗೆ ಬಿಳಿ ಗಡ್ಡ ಬಂತು. ನಾನು ಅಂಗಡಿಯಿಂದ ಒಂದು ಬಾಟಲಿ ದ್ರಾವಣ ತಂದು ಮೂಗು ಕಟ್ಟಿಕೊಂಡು ಉಜ್ಜಿದೆ. ಗಡ್ಡ ಸ್ವಲ್ಪ ಟ್ರಿಮ್ ಆಯಿತು. ಮಾಮಿ ಕಾಂಪೌಂಡಿನ ಮರದಿಂದ ಬಿಂಬುಳಿ ಕೊಯ್ದು ತಂದು, ಆ ಹುಳಿಕಾಯಿಯನ್ನು ಅಡ್ಡಕ್ಕೆ ಸೀಳಿ ನಲ್ಲಿಗೆ ತಿಕ್ಕಿದರು. ಐದು ನಿಮಿಷದಲ್ಲಿ ನಲ್ಲಿ ಹೊಸ ಮದುಮಗನ ಹಾಗೆ ಹೊಳೆಯಿತು. ಆಮ್ಲ ಸುಣ್ಣವನ್ನು ಕರಗಿಸುತ್ತದೆ ಎಂದು ನಾನು ಕಾರಣ ಹೇಳಲು ಹೋದೆ. "ನೀನು ಕಾರಣ ಹೇಳ್ತಾ ಇರು, ನಾನು ಆಚೆ ನಲ್ಲಿ ತಿಕ್ಕಿ ಬರ್ತೇನೆ" ಎಂದು ಅವರು ಹೋದರು. ಅಂದಿನಿಂದ ಫ್ರಿಜ್ಜಿನಲ್ಲಿ ಒಂದು ಡಬ್ಬಿ ಬಿಂಬುಳಿ ಯಾವಾಗಲೂ ಇರುತ್ತಿತ್ತು, ಅದು ಬಚ್ಚಲಿನ ಸಾಮಾನು ಎಂದು ಘೋಷಣೆಯಾಗಿತ್ತು.

ಗೀಸರಿನ ಹೊಟ್ಟೆಗೆ ಮಾತ್ರ ಬಿಂಬುಳಿ ತಿಕ್ಕಲು ಆಗುವುದಿಲ್ಲವಲ್ಲ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಅದು ಗೊರಕೆ ಹೊಡೆಯತೊಡಗಿತು. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಒಳಗೆ ಯಾರೋ ಕಲ್ಲು ಹುರಿಯುವಂಥ ಸದ್ದು. ಅದರ ಜೊತೆಗೆ ಅಡಿಯ ಕವಾಟದ ಪುಟ್ಟ ಮೂತಿಯಿಂದ ತೊಟ್ಟು ತೊಟ್ಟಾಗಿ ನೀರು. ಮಾಮಿ ಕೆಳಗೆ ಚೊಂಬು ಇಟ್ಟರು. ತುಂಬಿದ ಚೊಂಬನ್ನು ಬಾಲ್ಕನಿಯ ಬಸಳೆಗೆ ಹಾಕಿದರು. ಒಂದು ದಿನ ನಾವಿಬ್ಬರೂ ಇಲ್ಲದಾಗ ಚೊಂಬು ತುಂಬಿ ಹರಿದು, ಕೆಳಗಿನ ಸೆಕ್ರೆಟರಿಯವರ ಬಚ್ಚಲಿನ ಛಾವಣಿಗೆ ಹಸಿ ಇಳಿಯಿತು. ಅವರು ಫೋನು ಮಾಡಿದರು.

"ಅಕ್ಕ, ನಿಮ್ಮ ಮನೆಯ ನೀರು ನನ್ನ ಮಂಡೆಗೆ ಬೀಳ್ತಾ ಉಂಟು."

"ಒಳ್ಳೇದಲ್ವಾ. ಮಿನರಲ್ ಉಂಟು ಅದರಲ್ಲಿ."

ಅಷ್ಟು ಹೇಳಿ ಫೋನಿಟ್ಟರೂ ಮಾಮಿಗೆ ಒಳಗೊಳಗೆ ನಾಚಿಕೆಯಾಯಿತು. ಬೇರೆಯವರ ಮಾಡು ಹಾಳು ಮಾಡುವ ಮನೆ ನಮ್ಮದಲ್ಲ ಎಂದರು. ಪ್ಲಂಬರಿಗೆ ಫೋನು ಮಾಡಿದೆ. ಊರಿನ ನಲ್ಲಿಗಳಿಗೆಲ್ಲ ಗಡ್ಡ ಬಂದಿದ್ದರಿಂದ ಅವನಿಗೆ ಪುರುಸೊತ್ತೇ ಇರಲಿಲ್ಲ. "ನಾಡಿದ್ದು ಬರ್ತೇನೆ ಅಕ್ಕ" ಎಂದ. ಎರಡು ದಿನ ಬಿಟ್ಟು ಕೇಳಿದೆ, ಆಗಲೂ "ನಾಡಿದ್ದು ಬರ್ತೇನೆ ಅಕ್ಕ" ಎಂದ.

ಅದು ಹಲಸಿನ ಕಾಲ. ಮಾಮಿ ಪಡೀಲಿನ ರಸ್ತೆ ಬದಿಯಿಂದ ಒಂದು ಹಣ್ಣು ತಂದಿದ್ದರು. ಅಡುಗೆಮನೆಯ ನೆಲಕ್ಕೆ ಪೇಪರ್ ಹಾಸಿ, ಕೈಗೆ ತೆಂಗಿನೆಣ್ಣೆ ಸವರಿಕೊಂಡು ಹಣ್ಣು ಕೊಯ್ಯುವಾಗ ಬರುವ ಅಂಟು ಮೇಣವನ್ನು ಅವರು ಯಾವಾಗಲೂ ಒಂದು ಕಡ್ಡಿಗೆ ಸುತ್ತಿ ತೆಗೆದಿಡುತ್ತಾರೆ. ಅವರ ತವರಿನಲ್ಲಿ ತೂತಾದ ಕೊಡಪಾನ, ಸೋರುವ ಹಂಡೆ, ಬಿರುಕು ಬಿಟ್ಟ ಬಾಲ್ದಿ ಎಲ್ಲಕ್ಕೂ ಮೇಣವನ್ನು ಬೆಂಕಿಗೆ ಹಿಡಿದು ಮೆತ್ತುವುದೇ ಮದ್ದು. ಕಡ್ಡಿಯಲ್ಲಿದ್ದ ಮೇಣ ನೋಡುತ್ತ ನೋಡುತ್ತ ಅವರ ಮುಖ ಬೆಳಗಿತು.

"ಸ್ಟೂಲು ತಾ" ಎಂದರು.

ಮೇಣವನ್ನು ಒಲೆಯಲ್ಲಿ ಮೆತ್ತಗೆ ಮಾಡಿ, ಕನ್ನಡಕ ಹಾಕಿಕೊಂಡು ಸ್ಟೂಲು ಹತ್ತಿ ಗೀಸರಿನ ಕವಾಟದ ಮೂತಿಗೆ ತುರುಕಿದರು. ಸೋರುವುದು ನಿಂತಿತು. ನಾನು ಸ್ಟೂಲು ಹಿಡಿದುಕೊಂಡು ಚೆನ್ನಾಗಾಯಿತು ಎಂದೆ. ರಸಾಯನಶಾಸ್ತ್ರ ಓದಿದವಳು ಹಾಗೆ ಹೇಳಿದೆ.

ಎರಡನೆಯ ದಿನಕ್ಕೆ ಬಿಸಿಗೆ ಮೇಣ ಜಾರಿ ಬಿತ್ತು. ಮತ್ತೆ ಹಚ್ಚಿದರು. ಅದೂ ಬಿತ್ತು. ಮೂರನೆಯ ಸಲ ಒಂದು ಬಟ್ಟೆಯ ಚೂರಿನ ಸಮೇತ ಹಚ್ಚಿ, ಸಂಜೆ ಭಜನೆಗೆ ಹೋದರು. ನಾನು ಆಫೀಸಿನಿಂದ ಬಂದಾಗ ಆ ಬಟ್ಟೆ ಹಲ್ಲಿಯ ಬಾಲದ ಹಾಗೆ ನೇತಾಡುತ್ತಿತ್ತು. ಕೆಳಗಿನಿಂದ ಸೆಕ್ರೆಟರಿಯವರ ಫೋನು ಯಾವ ಕ್ಷಣದಲ್ಲಾದರೂ ಬರಬಹುದಿತ್ತು. ನಾನು ಹಳೆಯ ಗ್ಯಾಸ್ ಟ್ಯೂಬಿನಿಂದ ಎರಡಿಂಚು ಕತ್ತರಿಸಿದೆ. ಅದು ಆ ಮೂತಿಗೆ ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಇನ್ನೊಂದು ತುದಿಯನ್ನು ಮಡಚಿ ಸ್ಟೀಲ್ ಕ್ಲಿಪ್ ಹಾಕಿದೆ. ಮೂತಿಯ ಮೇಲೆ ಮತ್ತೊಂದು ಕ್ಲಿಪ್. ಎರಡನ್ನೂ ಸ್ಕ್ರೂಡ್ರೈವರಿನಿಂದ ಕೈ ನೋಯುವ ತನಕ ತಿರುಗಿಸಿದೆ. ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಜೀವನದಲ್ಲಿ ಮಾಡಿದ್ದು ಕಡಿಮೆ.

ಮಾಮಿ ಭಜನೆ ಮುಗಿಸಿ ಬಂದು ಬಚ್ಚಲಿನಲ್ಲಿ ಕಿವಿಗೊಟ್ಟು ನಿಂತರು. ಸದ್ದಿಲ್ಲ.

"ನೋಡು, ಮೂರನೇ ಸಲಕ್ಕೆ ಕಚ್ಚಿತು" ಎಂದರು.

ಹೌದು ಮಾಮಿ ಎಂದೆ. ಆ ಸಂತೋಷ ನೋಡಿ ನಿಜ ಹೇಳಲು ಮನಸ್ಸಾಗಲಿಲ್ಲ. ಮೇಣ ಹಚ್ಚುವಾಗ ಬಿಟ್ಟರೆ ಬಚ್ಚಲಿಗೆ ಕನ್ನಡಕ ಹಾಕಿಕೊಂಡು ಹೋಗುವವರಲ್ಲ ಅವರು, ಎತ್ತರದ ಗೀಸರಿನ ಅಡಿಯಲ್ಲಿ ಗೋಡೆಯ ಕಡೆಗೆ ಇದ್ದ ಟ್ಯೂಬು ಅವರಿಗೆ ಕಾಣುವ ಹಾಗೂ ಇರಲಿಲ್ಲ. ಅವರು ಮೆಟ್ಟಿಲಿನಲ್ಲಿ ಸಿಕ್ಕಿದವರಿಗೆಲ್ಲ ಮೇಣದ ಮಹಿಮೆ ಹೇಳಿದರು. ಒಂದು ಕಡ್ಡಿ ಮೇಣವನ್ನು ಸೆಕ್ರೆಟರಿಯವರ ಹೆಂಡತಿಗೂ ಕೊಟ್ಟುಬಂದರು.

ಇನ್ನೊಂದು ವಿಷಯವೂ ಹೇಳಬೇಕು. ಮಾಮಿಗೆ ಗೀಸರ್ ಎಂದರೆ ಗೋಡೆಗೆ ನೇತುಹಾಕಿದ ಹಂಡೆ. ಹಂಡೆಯ ಒಲೆಗೆ ಬೆಳಗ್ಗೆ ಬೆಂಕಿ ಹಾಕಿದರೆ ಮನೆಯವರ ಸ್ನಾನವೆಲ್ಲ ಮುಗಿಯುವ ತನಕ ಆರಿಸುವ ಕ್ರಮವಿಲ್ಲ. ಹಾಗೆ ಐದು ಗಂಟೆಗೆ ಹಾಕಿದ ಸ್ವಿಚ್ ಎಂಟರವರೆಗೂ ಇರುತ್ತಿತ್ತು. ನೀರು ಕಾದ ಮೇಲೆ ಗೀಸರಿನ ಕೆಂಪು ದೀಪ ತಾನಾಗಿ ಆರಬೇಕು. ಆ ವಾರ ಅದು ಆರುವುದನ್ನು ನಿಲ್ಲಿಸಿತ್ತು. "ಈಗ ಒಳ್ಳೆ ಉರೀತಾ ಉಂಟು" ಎಂದು ಮಾಮಿ ಮೆಚ್ಚಿಕೊಂಡಿದ್ದರು. ನಾನೂ ನೋಡಿದ್ದೆ. ದೀಪ ಆರದಿರುವುದರ ಅರ್ಥ ನನಗೆ ತಿಳಿಯಬೇಕಾಗಿತ್ತು.

ಇಪ್ಪತ್ತಮೂರನೆಯ ದಿನ, ಬುಧವಾರ, ಮಾಮಿ ಸ್ನಾನಕ್ಕೆ ಹೋದಾಗ ನಾನು ಅಡುಗೆಮನೆಯಲ್ಲಿ ಗಂಜಿಗೆ ಚಮಚ ಆಡಿಸುತ್ತಿದ್ದೆ. ಅವರು ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು ಸ್ನಾನ ಮಾಡುವವರು. ಗೀಸರಿನ ನೇರ ಕೆಳಗೆ ಆ ಸ್ಟೂಲು. ಎರಡು ನಿಮಿಷದಲ್ಲಿ ಸೀರೆ ಸುತ್ತಿಕೊಂಡೇ ಹೊರಗೆ ಬಂದರು.

"ನಲ್ಲಿಯಲ್ಲಿ ನೂಲಿನಷ್ಟು ನೀರು. ಬಾಕಿ ಎಲ್ಲ ಬರೀ ಹೊಗೆ. ಸುಣ್ಣ ಕಟ್ಟಿದೆ ಅದಕ್ಕೆ. ಬಿಂಬುಳಿ ಎಲ್ಲಿ?"

"ಫ್ರಿಜ್ಜಲ್ಲಿ ಇಲ್ವಾ?"

"ಡಬ್ಬಿ ಖಾಲಿ ಉಂಟು."

ನಾನು ಗಂಜಿಗೆ ಮತ್ತೊಮ್ಮೆ ಚಮಚ ಆಡಿಸಿದೆ. "ನಿನ್ನೆ ಬೂತಾಯಿ ಮೀನಿನ ಸಾರಿಗೆ ಹಾಕಿದೆ."

"ನಲ್ಲಿಗೆ ಇಟ್ಟದ್ದನ್ನು ಸಾರಿಗೆ ಹಾಕಿದ್ದಾ?"

"ಹುಣಸೆಹುಳಿ ಮುಗಿದಿತ್ತು ಮಾಮಿ."

"ಮುಗಿದ್ರೆ ಹೇಳ್ಬೇಕು. ನಾನು ಭಜನೆಯಿಂದ ಬರುವಾಗ ತರ್ತಿರಲಿಲ್ವಾ? ನಿನಗೆ ಬಾಯಿ ಇರುವುದು ಎಂತಕ್ಕೆ? ಮೊನ್ನೆ ಉಪ್ಪು ಮುಗಿದದ್ದೂ ಹೀಗೆಯೇ. ಸಾರಿಗೆ ಹಾಕಿದ್ಲಂತೆ. ಸಾರು ಚೆನ್ನಾಗಿತ್ತು, ಅದು ಬೇರೆ ವಿಷಯ. ಆದ್ರೆ—"

ಆದರೆ ಏನು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಒಂದು ಸದ್ದು. ದೊಡ್ಡದಾಗಿತ್ತು ಎಂದರೆ ಸಾಲದು. ಕಾಲಿನ ಅಡಿಯಿಂದ ಬಂತು ಅದು. ಬಚ್ಚಲಿನ ಬಾಗಿಲು ತಾನಾಗಿ ತೆರೆದು ಗೋಡೆಗೆ ಹೊಡೆಯಿತು. ಒಳಗಿಂದ ಬಿಳಿ ಹಬೆ ನಡುಮನೆಯ ತನಕ ಉರುಳಿ ಬಂತು. ಟೈಲ್ಸಿನ ಚೂರುಗಳು ನೆಲದಲ್ಲಿ ಜಾರುತ್ತ ಬಂದು ನಮ್ಮ ಕಾಲಿನ ಹತ್ತಿರ ನಿಂತವು. ಓಡಿಹೋಗಿ ಮೇನ್ ಸ್ವಿಚ್ ತೆಗೆದದ್ದು ನನಗೆ ನೆನಪಿಲ್ಲ. ತೆಗೆದಿದ್ದೆನಂತೆ.

ಎಲ್ಲ ನಿಂತ ಮೇಲೆ ಮಾಮಿ ಹೇಳಿದ ಮೊದಲ ಮಾತು, "ಗಂಜಿ ಉಕ್ಕುತ್ತದೆ, ಗ್ಯಾಸ್ ಸಣ್ಣ ಮಾಡು."

ಹಬೆ ಕರಗಿದ ಮೇಲೆ ಒಳಗೆ ನೋಡಿದೆವು. ಗೀಸರ್ ಮೇಲಕ್ಕೆ ಹಾರಿ, ಮಾಡಿಗೆ ಬಡಿದು, ತಿರುಗಿ ಕೆಳಗೆ ಬಿದ್ದಿತ್ತು. ಸ್ಟೂಲು ಎರಡು ಹೋಳಾಗಿತ್ತು. ಬಾಲ್ದಿ ತಟ್ಟೆಯಾಗಿತ್ತು. ಅಷ್ಟರಲ್ಲಿ ಸೆಕ್ರೆಟರಿಯವರು ಟವಲಿನಲ್ಲಿ, ಮೈತುಂಬ ತೊಳೆಯದ ಸೋಪಿನೊಂದಿಗೆ ಮೇಲೆ ಬಂದರು.

"ಭೂಕಂಪವಾ?"

"ಅಲ್ಲ. ಗೀಸರು" ಎಂದರು ಮಾಮಿ.

"ದೇವರೇ. ಯಾರಿಗಾದ್ರೂ ಎಂತಾದ್ರೂ ಆಯ್ತಾ?"

"ನಮಗೆ ಎಂತ ಇಲ್ಲ. ನೀವು ಟವಲು ಸರಿ ಕಟ್ಟಿ ಮಾರಾಯ್ರೆ."

ಎರಡು ವಾರ ನಾಡಿದ್ದು ಎಂದಿದ್ದ ಪ್ಲಂಬರ್ ಅರ್ಧ ಗಂಟೆಯಲ್ಲಿ ಬಂದ. ಅವನು ಬರುವ ಮೊದಲು, ಮಾಮಿ ದೇವರಿಗೆ ದೀಪ ಇಡಲು ಹೋದಾಗ, ನಾನು ಚೂರುಗಳ ನಡುವೆ ನನ್ನ ಟ್ಯೂಬನ್ನು ಕಂಡೆ. ಮುರಿದ ಮೂತಿಯ ಸಮೇತ, ಎರಡೂ ಕ್ಲಿಪ್ಪುಗಳ ಸಮೇತ, ಒಂದಿಷ್ಟೂ ಸಡಿಲವಾಗದೆ ಕಮೋಡಿನ ಹಿಂದೆ ಬಿದ್ದಿತ್ತು. ಅದನ್ನು ತೆಗೆದು ನನ್ನ ಆಫೀಸಿನ ಚೀಲಕ್ಕೆ ಹಾಕಿದೆ. ಯೋಚಿಸಿ ಮಾಡಿದ್ದಲ್ಲ. ಕೈ ಮಾಡಿತು.

ಪ್ಲಂಬರ್ ಒಡೆದ ಟ್ಯಾಂಕನ್ನು ಓರೆ ಮಾಡಿದ. ಒಳಗಿಂದ ಬಿಳಿ ಹೆಕ್ಕಳೆಗಳು ರಾಶಿಯಾಗಿ ಸುರಿದವು.

"ಅರ್ಧ ಬಾಲ್ದಿ ಸುಣ್ಣ ಉಂಟಲ್ಲ ಇಲ್ಲಿ. ಊರಿಗೆಲ್ಲ ವೀಳ್ಯ ಹಂಚಬಹುದು. ಇದು ಈ ವರ್ಷದ್ದು ಮಾತ್ರ ಅಲ್ಲ, ನಾಲ್ಕೈದು ಬೇಸಿಗೆಯದ್ದು. ಈ ಸಲ ಜಾಸ್ತಿಯಾದ್ದು ಅಷ್ಟೆ." ಆಮೇಲೆ ಕವಾಟದ ಮುರುಕು ನೋಡಿದ. "ಇದು ಸೋರ್ತಾ ಇತ್ತಲ್ಲ?"

"ಇತ್ತು" ಎಂದೆ.

"ಸೋರಬೇಕು ಅದು. ಅದು ಗೀಸರಿನ ಮೂಗು ಅಕ್ಕ. ಒಳಗೆ ಒತ್ತಡ ಜಾಸ್ತಿಯಾದ್ರೆ ಅಲ್ಲಿಂದ ಉಸಿರು ಬಿಡುವುದು. ನೀರು ಹೋಗುವ ಬಾಯಿ ಸುಣ್ಣ ಕಟ್ಟಿ ಮುಚ್ಚಿದೆ, ಬಿಸಿ ನೋಡುವ ಕಡ್ಡಿಗೂ ಸುಣ್ಣ. ಎಷ್ಟು ಕಾದ್ರೂ ಅದಕ್ಕೆ ಗೊತ್ತಾಗ್ಲಿಕ್ಕಿಲ್ಲ. ಮೂಗೊಂದು ತೆರೆದಿದ್ರೆ ಬಚಾವ್. ಮೂಗು ಯಾರು ಮುಚ್ಚಿದ್ದು?"

"ನಾನು" ಎಂದರು ಮಾಮಿ. "ಹಲಸಿನ ಮೇಣ ಹಾಕಿ."

ಪ್ಲಂಬರ್ ಅವರನ್ನು ನೋಡಿದ, ಮುರುಕು ಕವಾಟವನ್ನು ನೋಡಿದ. "ಮೇಣ ಇಷ್ಟು ತಡೆಯುವುದಿಲ್ಲ ಅಮ್ಮಾ. ಬಿಸಿಗೆ ಕರಗ್ತದೆ."

"ಪೇಟೆಯ ಮೇಣ ಕರಗಬಹುದು. ನಾನು ಹಾಕಿದ್ದು ಕರಗುವುದಿಲ್ಲ."

ನಾನು ಅಲ್ಲಿಯೇ ನಿಂತಿದ್ದೆ. ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಪ್ಲಂಬರಿಗೆ ಚಹಾ ಮಾಡಲು ಒಳಗೆ ಹೋದೆ.

ಆ ಸಂಜೆ ಗಂಡ ವಿಡಿಯೋ ಕಾಲ್ ಮಾಡಿದರು. ಮೊದಲು ಗಾಬರಿಯಿಂದ ಇಬ್ಬರಿಗೂ ಎದ್ದು ನಡೆದು ತೋರಿಸಲು ಹೇಳಿದರು. ನಡೆದು ತೋರಿಸಿದೆವು. ಕೈಕಾಲು ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ ತಮಾಷೆ ಶುರುವಾಯಿತು.

"ಅಮ್ಮಾ, ನೀವು ಬಾಂಬ್ ಮಾಡ್ಲಿಕ್ಕೆ ಯಾವಾಗ ಕಲ್ತದ್ದು? ಇಲ್ಲಿ ನನ್ನ ರೂಮಿನವರಿಗೆಲ್ಲ ಹೇಳಿದ್ದೇನೆ. ಹಲಸಿನ ಹಣ್ಣಿನ ಬಾಂಬ್."

ಮಾಮಿ ನಕ್ಕರು. ಫೋನು ಇಟ್ಟ ಮೇಲೆ ಊಟಕ್ಕೆ ಬರಲಿಲ್ಲ.

ಆ ರಾತ್ರಿಯಿಂದ ಮನೆಯಲ್ಲಿ ನಿದ್ದೆ ಹೋಯಿತು. ಫ್ರಿಜ್ಜು ಗುರ್ ಎಂದರೆ ಇಬ್ಬರೂ ಎದ್ದು ಕೂರುತ್ತಿದ್ದೆವು. ಮಾಮಿ ಕುಕ್ಕರನ್ನು ಅಟ್ಟಕ್ಕೆ ಹಾಕಿಸಿದರು. ಹಗಲಿನಲ್ಲಿ ಇನ್ನೊಂದು ಬದಲಾವಣೆ ಕಂಡಿತು, ಅದು ನನಗೆ ಸದ್ದಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಮಾಮಿ ನನ್ನನ್ನು ಕೇಳತೊಡಗಿದರು. ಫ್ಯಾನಿನ ಸ್ವಿಚ್ಚಿನ ಮುಂದೆ ನಿಂತು, "ಇದನ್ನು ಹಾಕಬಹುದಾ?" ಒಲೆಯ ಮುಂದೆ ನಿಂತು, "ನೀನೇ ಹಚ್ಚು, ನನಗೆ ಗೊತ್ತಾಗುವುದಿಲ್ಲ." ಗಡಿಯಾರ ಇಟ್ಟು ನನ್ನನ್ನು ಸ್ನಾನ ಮಾಡಿಸುತ್ತಿದ್ದವರು, ತಣ್ಣೀರು ಹೊಯ್ದುಕೊಂಡು ಮೂರು ನಿಮಿಷದಲ್ಲಿ ಹೊರಗೆ ಬರುತ್ತಿದ್ದರು. ನಾನು ಸಾರಿಗೆ ಉಪ್ಪು ಮರೆತ ದಿನವೂ ಸುಮ್ಮನೆ ಉಂಡರು. ಒಂದು ಸಂಜೆ ಬಸಳೆಗೆ ನೀರು ಹಾಕುತ್ತ, ನನ್ನ ಕಡೆ ನೋಡದೆ, "ನಿನ್ನ ಸ್ನಾನ ಮೊದಲು ಆಗಿದ್ರೆ ನಿನ್ನನ್ನು ಕೊಲ್ತಿದ್ದೆ ನಾನು" ಎಂದರು. ಅಂಥದ್ದೆಲ್ಲ ಹೇಳಬೇಡಿ ಎಂದೆ. ಹೇಳಬೇಕಾದದ್ದನ್ನು ಹೇಳಲಿಲ್ಲ.

ಟ್ಯೂಬು ದಿನಾ ನನ್ನ ಜೊತೆ ಕದ್ರಿಗೆ ಹೋಗಿ ಬರುತ್ತಿತ್ತು. ಆಫೀಸಿನಲ್ಲಿ ನನ್ನ ಮುಂದೆ ಬರುವ ಅರ್ಜಿಗಳಲ್ಲಿ ಅಪಘಾತಕ್ಕೆ ಕಾರಣ ಎಂಬ ಒಂದು ಸಾಲು ಇರುತ್ತದೆ. ಜನ ಏನೇನೋ ಬರೆಯುತ್ತಾರೆ. ದನ ಅಡ್ಡ ಬಂತು, ಗಾಳಿ ಬಂತು, ಬ್ರೇಕು ಹಿಡಿಯಲಿಲ್ಲ. ನಾನೇ ಕಾರಣ ಎಂದು ಬರೆದ ಒಂದೇ ಒಂದು ಅರ್ಜಿ ನಾನು ನೋಡಿಲ್ಲ. ತಪ್ಪನ್ನು ದನದ ಮೇಲೆ, ಗಾಳಿಯ ಮೇಲೆ ಹಾಕುವವರನ್ನು ನೋಡಿ ನಾನು ಹಿಂದೆ ಬಹಳ ನಗುತ್ತಿದ್ದೆ.

ಕೆಲವು ಸಲ ಲೆಕ್ಕ ಹಾಕುತ್ತಿದ್ದೆ. ಹುಣಸೆಹುಳಿ ಮುಗಿಯದಿದ್ದರೆ ಬಿಂಬುಳಿ ಡಬ್ಬಿಯಲ್ಲಿ ಇರುತ್ತಿತ್ತು. ಇದ್ದಿದ್ದರೆ ಮಾಮಿ ಅದನ್ನು ತೆಗೆದುಕೊಂಡು ಬೈಯದೆ ಒಳಗೆ ಹೋಗುತ್ತಿದ್ದರು. ಹೋಗಿ ನಲ್ಲಿಯ ಮುಂದೆ, ಸ್ಟೂಲಿನ ಮೇಲೆ ಕೂರುತ್ತಿದ್ದರು. ಅವರು ಬೈದದ್ದು ಹೆಚ್ಚೆಂದರೆ ಅರ್ಧ ನಿಮಿಷ. ಅವರು ಇನ್ನೂ ಸ್ವಲ್ಪ ಶಾಂತ ಸ್ವಭಾವದವರಾಗಿದ್ದರೆ ಎಂದು ಯೋಚಿಸುವಾಗ ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಅವರು ಎಲ್ಲಿದ್ದಾರೆಂದು ನೋಡಿ ಬರುತ್ತೇನೆ.

ಹನ್ನೊಂದನೆಯ ದಿನ ಭಾನುವಾರ. ಸೆಕ್ರೆಟರಿಯವರ ಹೆಂಡತಿ ಊರಿಂದ ಬಂದದ್ದೆಂದು ಒಂದು ದೊಡ್ಡ ಹಲಸಿನ ಹಣ್ಣನ್ನು ಕೊಟ್ಟುಹೋದರು. ಮನೆ ತುಂಬ ಪರಿಮಳ. ಮಾಮಿ ಅದರ ಹತ್ತಿರ ಹೋಗಲಿಲ್ಲ.

"ಕೊಯ್ಯುವುದಿಲ್ವಾ ಮಾಮಿ?"

"ಬೇಡ. ಯಾರಿಗಾದ್ರೂ ಕೊಟ್ಟುಬಿಡು. ಈ ಕೈಗೆ ಮೇಣ ಮುಟ್ಟುವ ಯೋಗ್ಯತೆ ಇಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದರು, ಯಾರೋ ತೆಗೆದುಕೊಂಡು ಹೋಗುತ್ತಾರೇನೋ ಎಂಬ ಹಾಗೆ. ನಾನು ಎದ್ದು ಚೀಲದಿಂದ ಟ್ಯೂಬನ್ನು ತಂದು ಅವರ ಮುಂದೆ ನೆಲದಲ್ಲಿಟ್ಟೆ.

"ಎಂತ ಇದು?"

"ಗೀಸರಿನ ಮೂತಿಯಲ್ಲಿ ಇದ್ದದ್ದು."

ಮಾಮಿ ಕನ್ನಡಕ ಹಾಕಿಕೊಂಡರು. ಟ್ಯೂಬನ್ನು ಕೈಗೆತ್ತಿ ತಿರುಗಿಸಿ ನೋಡಿದರು. "ಮೇಣ ಎಲ್ಲಿ?"

"ಮೇಣ ಮೂರನೇ ಸಲವೂ ಬಿದ್ದಿತ್ತು. ನೀವು ಭಜನೆಗೆ ಹೋದಾಗ. ಇದನ್ನು ಹಾಕಿದ್ದು ನಾನು."

ಅವರು ಕ್ಲಿಪ್ಪನ್ನು ಉಗುರಿನಿಂದ ಅಲ್ಲಾಡಿಸಲು ನೋಡಿದರು. ಅಲ್ಲಾಡಲಿಲ್ಲ.

"ಎಷ್ಟು ಸುತ್ತು ತಿರುಗಿಸಿದ್ದು?"

"ಲೆಕ್ಕ ಇಡಲಿಲ್ಲ. ಕೈ ನೋಯುವ ತನಕ."

"ಬಿದ್ದಿತ್ತು ಅಂತ ನನಗೆ ಯಾಕೆ ಹೇಳಲಿಲ್ಲ?"

"ನೀವು ಖುಷಿಯಲ್ಲಿದ್ರಿ."

"ಆಮೇಲೆ ಯಾಕೆ ಹೇಳಲಿಲ್ಲ?"

ನನ್ನ ಕಣ್ಣಿನಲ್ಲಿ ನೀರು ಬಂದಿರಬೇಕು. ಅವರು ಅದನ್ನು ನೋಡಿದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಟ್ಯೂಬನ್ನು ಮಡಿಲಲ್ಲಿಟ್ಟುಕೊಂಡು, ಒಮ್ಮೆ ದೀರ್ಘವಾಗಿ ಉಸಿರೆಳೆದು, ಶುರು ಮಾಡಿದರು.

ಆಗ ಸಂಜೆ ಐದೂವರೆ. ಅವರು ನಿಲ್ಲಿಸಿದಾಗ ಕತ್ತಲಾಗಿತ್ತು. ಮೊದಲು ನನ್ನ ಬುದ್ಧಿ, ನಂತರ ನನ್ನ ಬಿ.ಎಸ್ಸಿ., ನಂತರ ನನಗೆ ಬಿ.ಎಸ್ಸಿ. ಕೊಟ್ಟವರು. ಗಡಿಯಾರ ನೋಡದೆ ಮಾಡಿದ ಸ್ನಾನಗಳು ಎಲ್ಲ ಬಂದವು. ಮದುವೆಯ ವರ್ಷದಲ್ಲಿ ನಾನು ಸುಟ್ಟ ಒಂದು ನೀರುದೋಸೆ ಕೂಡ ಬಂತು.

"ಇನ್ನೊಮ್ಮೆ ಕೇಳ್ತೇನೆ. ನಾನ್ಯಾರು ನಿನಗೆ? ಹೊರಗಿನವಳಾ? ನಿನ್ನ ಕೈಯಿಂದ ಮನೆ ಹಾರಿದ್ರೆ ನಾನು ಪೋಲೀಸಿಗೆ ಕೊಡ್ತಿದ್ದೆನಾ?"

"ಇಲ್ಲ ಮಾಮಿ."

"ನಾನು ಇಲ್ಲಿ ಕೂತು ಹನ್ನೊಂದು ದಿನ ನನ್ನ ಕೈಯನ್ನು ಶಪಿಸ್ತಾ ಇದ್ದೆ. ನೀನು ಎದುರಲ್ಲಿ ಅನ್ನ ಉಣ್ತಾ ಇದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಪ್ಲಂಬರಿನ ಎದುರು ನನ್ನ ಮೇಣಕ್ಕೆ ಕೆಟ್ಟ ಹೆಸರು ತಂದೆ. ಮೇಣ ಪಾಪ, ಬಿಸಿ ತಾಗಿದ ಕೂಡ್ಲೆ ಮರ್ಯಾದೆಯಲ್ಲಿ ಜಾರಿ ಬಿದ್ದಿತ್ತು. ಮೂರು ಸಲ ಬಿದ್ದಿತ್ತು. ಗೀಸರಿನ ಮೂಗು ಮುಚ್ಚಬಾರದು ಅಂತ ಅದಕ್ಕೆ ಗೊತ್ತುಂಟು, ನಿನಗೆ ಗೊತ್ತಿಲ್ಲ."

ಹೌದು ಎಂದೆ. ನಿಜ ಅದು. ಹಾಗೆ ಯಾವ ಪುಸ್ತಕದಲ್ಲಿಯೂ ನಾನು ಓದಿರಲಿಲ್ಲ.

ಅವರು ಮಗನಿಗೆ ಫೋನು ಮಾಡಿದರು. "ಬಾಂಬ್ ಮಾಡಿದ್ದು ನಾನಲ್ಲ, ನಿನ್ನ ಹೆಂಡತಿ. ರೂಮಿನವರಿಗೆಲ್ಲ ಹೇಳಿದ್ದೀಯಲ್ಲ, ಈಗ ಇದನ್ನೂ ಹೇಳು, ಆಯ್ತಾ?" ಆ ಕಡೆಯಿಂದ ಗಂಡ ಎಂತ ಹೇಳಿದರೋ, ಮಾಮಿ "ಅವಳಿಗೆ ಎಂತ ಹೇಳ್ಬೇಡ. ಹೇಳುವುದೆಲ್ಲ ನಾನು ಹೇಳಿಯಾಯಿತು" ಎಂದರು. ಆಮೇಲೆ ಪ್ಲಂಬರಿಗೂ ಫೋನು ಮಾಡಿ, ಮೇಣ ನಿರಪರಾಧಿ ಎಂದು ತಿಳಿಸಿದರು. ಅವನು, ನನಗೆ ಅಂದೇ ಗೊತ್ತಿತ್ತು ಅಮ್ಮಾ ಎಂದನಂತೆ.

ಆಮೇಲೆ ಪೇಪರ್ ಹಾಸಿ, ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ಹಣ್ಣು ಕೊಯ್ದರು. ನಾನು ಎದುರು ಕೂತು ತೊಳೆ ಬಿಡಿಸಿದೆ. ಮಾಮಿ ಮೂರು ತೊಳೆ ತಿಂದು, ಒಂದನ್ನು ನನ್ನ ಬಾಯಿಗೆ ಇಟ್ಟರು. ಸೆಕೆಯಾಗುತ್ತದೆ ಎಂದು ಎದ್ದು ಹೋಗಿ, ನನ್ನನ್ನು ಕೇಳದೆ ಫ್ಯಾನು ಹಾಕಿದರು.

ನಾನು ಮಲಗಿದ್ದು ಯಾವಾಗ ಎಂದು ಗೊತ್ತಿಲ್ಲ. ಫ್ರಿಜ್ಜು ಸದ್ದು ಮಾಡಿರಬೇಕು, ಕೇಳಲಿಲ್ಲ. ಸೋಮವಾರ ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಗೆ ಬಂದಿತ್ತು, ಎಂಟು ಗಂಟೆ ದಾಟಿತ್ತು. ಮಾಮಿಯ ಕೋಣೆಯ ಬಾಗಿಲು ಸ್ವಲ್ಪ ತೆರೆದು ನೋಡಿದೆ. ಅವರು ಗೋಡೆಯ ಕಡೆ ತಿರುಗಿ, ಒಂದು ಕೈಯನ್ನು ತಲೆಯ ಅಡಿಗೆ ಇಟ್ಟುಕೊಂಡು ಮಲಗಿದ್ದರು. ಐದು ಗಂಟೆಯ ಮೇಲೆ ಅವರು ಮಲಗಿದ್ದನ್ನು ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ ನೋಡಿದ್ದು. ಹೊದಿಕೆ ಮೇಲಕ್ಕೂ ಕೆಳಕ್ಕೂ ಹೋಗುತ್ತಿದೆಯೇ ಎಂದು ಸ್ವಲ್ಪ ಹೊತ್ತು ನಿಂತು ಗಮನಿಸಿದೆ. ಹೋಗುತ್ತಿತ್ತು. ಆಫೀಸಿಗೆ ಫೋನು ಮಾಡಿ ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದೆ. ಯಾಕೆ ಎಂದು ಆಫೀಸಿನವರು ಕೇಳಿದರು. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ ಎಂದು ಹೇಳಿ, ನಾನೂ ಹೋಗಿ ಮತ್ತೆ ಮಲಗಿದೆ.